ಒಂದು ಕಾಲಿನ ಮೂರನೇ ಒಂದು ಭಾಗ

ನಾನು ಅಡಿಗೆಯವನು. ಚಾಮರಾಜಪೇಟೆಯ ಒಂದು ವಠಾರದಲ್ಲಿ ಮನೆ. ಬಸವನಗುಡಿ, ಶಂಕರಪುರ, ಗಾಂಧಿಬಜಾರಿನ ಸುತ್ತಮುತ್ತಲ ಛತ್ರಗಳಲ್ಲಿ ಮದುವೆ, ಮುಂಜಿ, ನಾಮಕರಣ, ಸಮಾರಾಧನೆ ಅಂತ ಇಪ್ಪತ್ತೈದು ವರ್ಷ ಒಲೆಯ ಮುಂದೆ ನಿಂತು ಇಬ್ಬರು ಮಕ್ಕಳನ್ನು ಓದಿಸಿದೆ. ನಿಂತು ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ. ಮುಂದೆ ಕೋರ್ಟಿನಲ್ಲಿ ಇಡೀ ಜಗಳ ನಡೆದದ್ದು ಆ ಒಂದು ಮಾತಿನ ಮೇಲೆ.

2016ರ ನವೆಂಬರ್ 24, ಗುರುವಾರ. ಕಡಲೆಕಾಯಿ ಪರಿಷೆಗೆ ಇನ್ನು ನಾಲ್ಕು ದಿನವಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಟಿವಿಎಸ್ ಗಾಡಿಯಲ್ಲಿ ಹೊರಟೆ. ಬಸವನಗುಡಿಯ ಒಂದು ಛತ್ರದಲ್ಲಿ ನಾಮಕರಣ, ಇನ್ನೂರು ಎಲೆ. ಉಮಾ ಟಾಕೀಸ್ ದಾಟಿ, ರಾಮಕೃಷ್ಣ ಆಶ್ರಮದ ವೃತ್ತ ಕಳೆದು ಬುಲ್ ಟೆಂಪಲ್ ರಸ್ತೆಯಲ್ಲಿ ಹೋಗುತ್ತಿದ್ದೆ. ಪರಿಷೆಯ ಮೂಟೆಗಳು ಆಗಲೇ ಬರತೊಡಗಿದ್ದವು, ಹಸಿ ಕಡಲೆಕಾಯಿಯ ಮಣ್ಣಿನ ವಾಸನೆ ಮೂಗಿಗೆ ಬಂದದ್ದು ಈಗಲೂ ನೆನಪಿದೆ. ಎಡಗಡೆಯ ಅಡ್ಡರಸ್ತೆಯಿಂದ ಒಂದು ಸಣ್ಣ ಗೂಡ್ಸ್ ಗಾಡಿ ನಿಲ್ಲಿಸದೆ, ಹಾರನ್ ಸಹ ಮಾಡದೆ ನುಗ್ಗಿತು. ಮಾರ್ಕೆಟ್ಟಿಗೆ ಹೋಗುವ ಆತುರವಿತ್ತೇನೋ. ಗುದ್ದಿದ ಪೆಟ್ಟಿಗೆ ಬಲಕ್ಕೆ ಬಿದ್ದೆ, ನನ್ನ ಗಾಡಿ ನನ್ನ ಬಲಗಾಲಿನ ಮೇಲೆಯೇ ಬಿತ್ತು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಆಮೇಲೆ ಏನಾಯಿತೋ ಗೊತ್ತಿಲ್ಲ.

ಆಮೇಲಿನದನ್ನು ನೋಡಿದವರು ಅಲ್ಲಿನ ಹಾಲಿನ ಬೂತಿನವರು. ಕ್ರೇಟು ಇಳಿಸಿಕೊಳ್ಳುತ್ತಿದ್ದವರು ಓಡಿ ಬಂದರಂತೆ. ಗೂಡ್ಸ್ ಗಾಡಿಯವನು ಒಂದು ನಿಮಿಷ ನಿಂತಂತೆ ಮಾಡಿ ಹೊರಟುಬಿಟ್ಟ. ಅವರು ಅದರ ನಂಬರನ್ನು ಮೊಸರಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ಆ ಹೊತ್ತಿಗೆ ಬಂದ ಒಂದು ಆಟೋದಲ್ಲಿ ನನ್ನನ್ನು ಮಲಗಿಸಿ ಕಳುಹಿಸಿದರು. ಆಟೋದವನು ಅಪಘಾತ ಕಂಡವನಲ್ಲ. ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು "ಏನಾಯ್ತು?" ಅಂತ ಕೇಳಿದಾಗ ಅವನು "ಗಾಡಿಯಿಂದ ಬಿದ್ದವ್ರೆ ಸಾರ್" ಅಂದ. ಅವನು ಕಂಡದ್ದು ಅಷ್ಟೇ. ಡಾಕ್ಟರು ಕೇಸ್ ಷೀಟಿನ ಮೊದಲ ಸಾಲಿನಲ್ಲಿ ಬರೆದರು: ಸೆಲ್ಫ್ ಫಾಲ್ ಫ್ರಂ ಟೂ ವೀಲರ್. ತಾನಾಗಿ ಬಿದ್ದದ್ದು ಅಂತ. ಆ ಸಾಲನ್ನು ನಾನು ಮೊದಲು ನೋಡಿದ್ದು ಹದಿನಾರು ತಿಂಗಳ ನಂತರ, ಇನ್ಶೂರೆನ್ಸ್ ಕಂಪನಿಯ ವಕೀಲರ ಕೈಯಲ್ಲಿ.

ಬಲಗಾಲಿನ ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿದ್ದವು, ಒಂದು ಮುರಿತ ಮೊಣಕಾಲ ಕೀಲಿನವರೆಗೂ ಹೋಗಿತ್ತು. ಆಪರೇಷನ್ ಮಾಡಿ ರಾಡು, ಪ್ಲೇಟು ಹಾಕಬೇಕು, ಮೊದಲು ಅರವತ್ತು ಸಾವಿರ ಕಟ್ಟಿ ಅಂದರು. ಆ ತಿಂಗಳ 8ರಂದು ಹಳೆಯ ಐನೂರು, ಸಾವಿರದ ನೋಟುಗಳು ರದ್ದಾಗಿದ್ದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಹಳೇ ನೋಟು ನಡೆಯುತ್ತಿತ್ತು, ಖಾಸಗಿ ಆಸ್ಪತ್ರೆಗಳಿಗೆ ಆ ಆದೇಶವಿರಲಿಲ್ಲ. ಬ್ಯಾಂಕಿನಿಂದ ವಾರಕ್ಕೆ ಇಪ್ಪತ್ನಾಲ್ಕು ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ನಮ್ಮ ಕಸುಬೆಲ್ಲ ರೊಕ್ಕದ್ದೇ, ಮನೆಯಲ್ಲಿದ್ದ ಹಣವೆಲ್ಲ ಹಳೇ ಐನೂರರ ನೋಟು. ನನ್ನ ಹೆಂಡತಿ ಬೆಳಗ್ಗೆಯಿಂದ ಸಂಜೆಯವರೆಗೆ ಓಡಾಡಿ, ತಂಗಿಯ ಬಳೆ ಅಡವಿಟ್ಟು, ಉಳಿದದ್ದನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ಕಟ್ಟಿದಳು.

ಅದೇ ವರ್ಷ ಮಾರ್ಚಿನಲ್ಲಿ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತ್ತು. ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿದ್ದರೂ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡು ಪ್ರಾಣಬಿಟ್ಟ ಆ ಹುಡುಗ ಹರೀಶನ ಹೆಸರಿನಲ್ಲಿ. ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಸರ್ಕಾರ ಕೊಡುತ್ತದೆ ಎಂಬುದು ನಮಗೆ ಗೊತ್ತಾದದ್ದು ಐದನೆಯ ದಿನ, ಪಕ್ಕದ ಹಾಸಿಗೆಯವರ ಮಗನಿಂದ. ಆ ಹುಡುಗನ ಸುದ್ದಿಯನ್ನು ಪೇಪರಿನಲ್ಲಿ ಓದಿ ನಾನೂ ನನ್ನ ಹೆಂಡತಿಯೂ ಕಣ್ಣೀರು ಹಾಕಿದ್ದೆವು. ಅವನ ಹೆಸರಿನ ಯೋಜನೆ ನಮಗೂ ಇದೆ ಅಂತ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ.

ಪೊಲೀಸ್ ಕಂಪ್ಲೇಂಟು ಆದದ್ದು ಮೂರನೆಯ ದಿನ. ಮೊದಲು ಹೋದ ಠಾಣೆಯವರು ಆ ಜಾಗ ನಮ್ಮ ಸರಹದ್ದಿಗೆ ಬರುವುದಿಲ್ಲ ಅಂದರು. ಎರಡನೆಯವರು ಏಟು ಬಿದ್ದವರ ಹೇಳಿಕೆ ಬೇಕು, ಆಪರೇಷನ್ ಮುಗಿಯಲಿ ಅಂದರು. ಮೂರನೆಯ ದಿನ ಹಾಲಿನ ಬೂತಿನವರು ತಮ್ಮ ಲೆಕ್ಕದ ಪುಸ್ತಕ ಹಿಡಿದುಕೊಂಡು ನನ್ನ ಹೆಂಡತಿಯ ಜೊತೆ ಹೋದರು. ಆಮೇಲೆ ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ ಎಲ್ಲ ಆದವು. ಗಾಡಿ ಸಿಕ್ಕಿತು, ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಮೋಟಾರು ಇನ್‌ಸ್ಪೆಕ್ಟರು ಮುಂದಿನ ಬಂಪರ್ ಒಳಕ್ಕೆ ಹೋದದ್ದನ್ನು ನೋಡಿ ವರದಿ ಬರೆದರು. ಚಾರ್ಜ್‌ಷೀಟ್ ಆದ ಮೇಲೆ ಡ್ರೈವರು ಮ್ಯಾಜಿಸ್ಟ್ರೇಟರ ಮುಂದೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ. ಅಲ್ಲಿಗೆ ಅವನ ಪಾಲಿಗೆ ಅದು ಮುಗಿಯಿತು. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಒಂದು ಸಲ ಆಸ್ಪತ್ರೆಗೆ ಬಂದು ಮುಖ ತೋರಿಸಿದ್ದರೆ ಆಗಲೂ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ವಾರ್ಡಿನಲ್ಲಿದ್ದಾಗಲೇ ಇಬ್ಬರು ಬಂದು ಕೇಸು ನಾವು ಹಾಕಿಸುತ್ತೇವೆ, ಖರ್ಚೆಲ್ಲ ನಮ್ಮದು, ಇಲ್ಲಿ ಸಹಿ ಮಾಡಿ ಅಂತ ಖಾಲಿ ವಕಾಲತ್ತಿನ ಕಾಗದ ಮುಂದಿಟ್ಟಿದ್ದರು. ನನ್ನ ಹೆಂಡತಿ ಮಾಡಗೊಡಲಿಲ್ಲ. "ರೀ, ಓದದೆ ಯಾವುದಕ್ಕೂ ರುಜು ಹಾಕಬೇಡಿ" ಅಂದಳು. ಆಮೇಲೆ ನಾನು ವರ್ಷವರ್ಷ ಯುಗಾದಿಗೆ ಹೋಳಿಗೆ ಮಾಡಿಕೊಡುತ್ತಿದ್ದ ಮನೆಯವರು ತಮಗೆ ಗೊತ್ತಿದ್ದ ಒಬ್ಬ ವಕೀಲರ ಹತ್ತಿರ ಕಳುಹಿಸಿದರು. 2017ರ ಏಪ್ರಿಲಿನಲ್ಲಿ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಕೆಳಗೆ ಪರಿಹಾರಕ್ಕೆ ಅರ್ಜಿ ಹಾಕಿದೆವು. ಬೆಂಗಳೂರಿನಲ್ಲಿ ಈ ಕೇಸುಗಳನ್ನು ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ನಡೆಸುತ್ತಾರೆ. ಮೈಸೂರು ಬ್ಯಾಂಕ್ ಸರ್ಕಲಿನ ಹತ್ತಿರದ ಕೋರ್ಟಿಗೆ ಮುಂದಿನ ಎರಡೂವರೆ ವರ್ಷ ಹೋದೆ. ಮೊದಲು ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು "ಬೇಗ ಹತ್ರೀ" ಅಂದಾಗ ಆಗುತ್ತಿದ್ದ ಅವಮಾನ ಕಾಲಿನ ನೋವಿಗಿಂತ ಹೆಚ್ಚಿತ್ತು.

ವಕೀಲರು ಮೊದಲ ದಿನವೇ ಬಿಲ್ಲುಗಳನ್ನೆಲ್ಲ ತನ್ನಿ ಅಂದರು. ಇವಳು ಆಸ್ಪತ್ರೆಯ, ಔಷಧಿ ಅಂಗಡಿಯ ಚೀಟಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಟ್ಟಿದ್ದಳು. ತೆಗೆದು ನೋಡಿದರೆ ಅರ್ಧಕ್ಕರ್ಧ ಚೀಟಿ ಬೆಳ್ಳಗಾಗಿದ್ದವು. ಮೆಷೀನಿನಲ್ಲಿ ಬರುವ ಆ ನುಣುಪು ಕಾಗದದ ಬಿಲ್ಲುಗಳಲ್ಲಿ ಅಕ್ಷರ ಬಹಳ ದಿನ ನಿಲ್ಲುವುದಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲೊಂದು ಏಳು, ಇಲ್ಲೊಂದು ಸೊನ್ನೆ ಕಾಣುತ್ತಿತ್ತು. ಇವಳು ಅವನ್ನು ಒಂದೊಂದಾಗಿ ನೆಲದ ಮೇಲೆ ಹರಡಿಕೊಂಡು, ಯಾವ ದಿನ ಯಾವ ಇಂಜೆಕ್ಷನ್ ತಂದೆ ಅಂತ ನೆನಪು ಮಾಡಿಕೊಂಡು ಕಾಗದದಲ್ಲಿ ಬರೆಯುತ್ತ ಕೂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಎರಡನೇ ಪ್ರತಿ ಬೇಡಿ ಒಂದಷ್ಟು ಸಿಕ್ಕಿತು. ಖರ್ಚಾದದ್ದು 1,87,000, ತೋರಿಸಲು ಆದದ್ದು 1,31,400.

ಸಂಪಾದನೆ ತೋರಿಸುವುದು ಅದಕ್ಕಿಂತ ಕಷ್ಟವಾಯಿತು. ಆಗ ಮುಖ್ಯ ಅಡಿಗೆಯವನಾಗಿ ನನಗೆ ದಿನಕ್ಕೆ ಸಾವಿರದ ಐನೂರು ಸಿಗುತ್ತಿತ್ತು. ಕಾಂಟ್ರಾಕ್ಟರು ಕೈಗೆ ರೊಕ್ಕ ಕೊಡುತ್ತಿದ್ದರು, ರಸೀದಿ ಯಾರು ಕೇಳುತ್ತಾರೆ? ನನ್ನ ಹತ್ತಿರ ಇದ್ದದ್ದು ಸಾಮಾನು ಪಟ್ಟಿಯ ನೋಟ್‌ಬುಕ್ಕುಗಳು ಮಾತ್ರ. ಯಾವ ತಾರೀಕು, ಯಾವ ಛತ್ರ, ಎಷ್ಟು ಎಲೆ, ಸೋನಾಮಸೂರಿ ಎಷ್ಟು ಕೆಜಿ, ತೊಗರಿಬೇಳೆ ಎಷ್ಟು, ತುಪ್ಪ ಎಷ್ಟು. ಹನ್ನೊಂದು ವರ್ಷದ ನೋಟ್‌ಬುಕ್ಕುಗಳು, ಎಣ್ಣೆ ಕುಡಿದು, ಅರಿಶಿನ ಹತ್ತಿ, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳಲ್ಲಿ ಕೊನೆಯ ಎರಡನ್ನು ಕೋರ್ಟಿಗೆ ಕೊಟ್ಟೆವು. ಬೆಂಚ್ ಕ್ಲರ್ಕು ಮೊದಲ ಪುಟದ ಎಣ್ಣೆಯ ಕಲೆಯ ಪಕ್ಕ ಸೀಲು ಒತ್ತಿ ನಿ.ಪಿ. 14, ನಿ.ಪಿ. 15 ಅಂತ ಗುರುತು ಹಾಕಿದರು. ಯಾರದೋ ಮಗಳ ಮದುವೆಗೆ ಬರೆದ ಚಿರೋಟಿ ರವೆಯ ಲೆಕ್ಕಕ್ಕೆ ಸರ್ಕಾರದ ಸೀಲು ಬಿದ್ದದ್ದನ್ನು ನೋಡಿ ನನಗೆ ಏನೋ ಧೈರ್ಯ ಬಂತು.

ಇನ್ಶೂರೆನ್ಸ್ ಕಂಪನಿಯ ವಕೀಲರ ಪಾಟೀ ಸವಾಲಿನಲ್ಲಿ ಆ ಧೈರ್ಯ ಕರಗಿತು. ಕೋರ್ಟಿನ ಭಾಷೆ ಹೇಗಿರುತ್ತದೆ ಎಂದರೆ, ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ವಾಕ್ಯವಾಗಿ ಬರೆದುಕೊಳ್ಳುತ್ತಾರೆ. ಎಂದರೆ ಸರಿ, ಎಂದರೆ ಸರಿಯಲ್ಲ.

ಈ ಪುಸ್ತಕಗಳಲ್ಲಿ ಯಾರ ಸಹಿಯೂ ಇಲ್ಲ ಎಂದರೆ ಸರಿ. ಆಷಾಢದಲ್ಲಿ, ಪುಷ್ಯದಲ್ಲಿ ಮದುವೆಗಳಿರುವುದಿಲ್ಲ ಎಂದರೆ ಸರಿ. ನಾನು ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ ಎಂದರೆ ಸರಿ. ಆಷಾಢದಲ್ಲೂ ತಿಥಿ, ಸಮಾರಾಧನೆ ಇರುತ್ತವೆ ಸ್ವಾಮಿ ಅಂತ ಹೇಳಹೋದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಅಂದರು. ಆಮೇಲೆ ಆ ಕೇಸ್ ಷೀಟು ತೆಗೆದರು. ನಾನು ಗಾಡಿಯಿಂದ ನಾನಾಗಿಯೇ ಬಿದ್ದಿದ್ದು, ಪರಿಹಾರದ ಆಸೆಯಿಂದ ಮೂರು ದಿನ ಕಳೆದು ಬೇರೆ ಗಾಡಿಯನ್ನು ಸೇರಿಸಿದ್ದೇವೆ ಎಂದರೆ ಸರಿಯಲ್ಲ. ಕೊನೆಗೆ, ಕುಳಿತುಕೊಂಡೂ ಅಡಿಗೆ ಮಾಡಬಹುದು ಎಂದರೆ ಸರಿಯಲ್ಲ.

ಆ ಕೊನೆಯ ಮಾತಿಗೆ ನಾನು ಸರಿಯಲ್ಲ ಎಂದು ಮಾತ್ರ ಹೇಳಿ ಇಳಿದುಬಂದೆ. ಯಾಕೆ ಸರಿಯಲ್ಲ ಅಂತ ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಮೈಸೂರ್‌ಪಾಕನ್ನೇ ತೆಗೆದುಕೊಳ್ಳಿ. ಪಾಕ ಒಂದೆಳೆ ಬಂದ ಮೇಲೆ ಹಿಟ್ಟು ಬಿದ್ದರೆ ಮುಗಿಯಿತು, ಅಲ್ಲಿಂದ ಬಲಗೈ ನಿಲ್ಲುವಂತಿಲ್ಲ. ಎಡಗೈಯಲ್ಲಿ ಕಾಯ್ದ ತುಪ್ಪ ಸೌಟು ಸೌಟಾಗಿ ಸುರಿಯುತ್ತಿರಬೇಕು. ಹತ್ತು ಕೆಜಿಯ ಬಾಣಲೆಯ ತಳ ಎತ್ತಿ ಮಗುಚುವ ಬಲ ತೋಳಿನದಲ್ಲ, ಊರಿದ ಕಾಲಿನದು. ಗೂಡು ಬಿಟ್ಟು ಉಕ್ಕುವ ಕ್ಷಣಕ್ಕೆ ಬಾಣಲೆ ಇಳಿಸಿ ತಟ್ಟೆಗೆ ಸುರಿಯಬೇಕು. ಹಿಂದುಮುಂದಾದರೆ ಒಂದೋ ಕಲ್ಲು, ಇಲ್ಲವೋ ಹಿಟ್ಟು. ಅನ್ನದ ಕೊಪ್ಪರಿಗೆ ಬಸಿಯುವಾಗ ಇಬ್ಬರು ಎರಡು ಕಡೆ ಬಟ್ಟೆ ಹಿಡಿದು ಬಗ್ಗಿಸಬೇಕು, ಒಬ್ಬನ ಕಾಲು ಜಾರಿದರೆ ಕುದಿಯುವ ಗಂಜಿ ಇನ್ನೊಬ್ಬನ ಮೇಲೆ. ಇದನ್ನೆಲ್ಲ ಮೊಣಕಾಲು ಎಪ್ಪತ್ತು ಡಿಗ್ರಿಗಿಂತ ಹೆಚ್ಚು ಮಡಿಯದ, ಅರ್ಧ ಗಂಟೆ ನಿಂತರೆ ಕಣಕಾಲು ಊದುವ ಕಾಲಿನಲ್ಲಿ ಮಾಡುವುದು ಹೇಗೆ?

ಮೂಳೆ ಡಾಕ್ಟರು ಅಳತೆ ಮಾಡಿ, ಆ ಕಾಲಿಗೆ ಶೇ. 42 ಊನ ಅಂತ ಸಾಕ್ಷಿ ಹೇಳಿದರು. ನಮ್ಮ ಕೋರ್ಟುಗಳಲ್ಲಿ ಒಂದು ರೂಢಿಯಿದೆ. ಒಂದು ಅಂಗದ ಊನವನ್ನು ಮೂರರಿಂದ ಭಾಗಿಸಿ ಇಡೀ ದೇಹದ ಊನ ಅಂತ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಶೇ. 14.

2019ರ ಆಗಸ್ಟಿನಲ್ಲಿ ತೀರ್ಪು ಬಂತು. ಆಸ್ಪತ್ರೆಯ ಆ ಸಾಲನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಗಾಯಾಳುವಿಗೆ ಪ್ರಜ್ಞೆ ಇರಲಿಲ್ಲ, ಹೇಳಿದವನು ಘಟನೆ ನೋಡಿದವನಲ್ಲ, ಡ್ರೈವರು ತಪ್ಪು ಒಪ್ಪಿದ್ದಾನೆ, ಬಂಪರಿನ ಗುರುತಿದೆ, ಹಾಲಿನ ಬೂತಿನವರ ಸಾಕ್ಷಿ ನಂಬುವಂತಿದೆ ಎಂದು ಬರೆದರು. ಆ ಮಹಾನುಭಾವರು ಎರಡು ದಿನದ ವ್ಯಾಪಾರ ಬಿಟ್ಟು ಬಂದು ಕಟಕಟೆ ಹತ್ತಿದ್ದರು, ಬಸ್ ಚಾರ್ಜು ಸಹ ತೆಗೆದುಕೊಳ್ಳಲಿಲ್ಲ. ಅವರ ಋಣ ತೀರಿಸಲಾರೆ.

ಆದರೆ ಸಂಪಾದನೆಯನ್ನು ತಿಂಗಳಿಗೆ 8,000 ಅಂತ ಹಿಡಿದರು. ನನಗೆ ಆಗ ನಲವತ್ನಾಲ್ಕು, 41ರಿಂದ 45ರವರೆಗಿನ ವಯಸ್ಸಿಗೆ ಗುಣಕ 14. ಎಂಟು ಸಾವಿರವನ್ನು ಹನ್ನೆರಡರಿಂದ, ಹದಿನಾಲ್ಕರಿಂದ ಗುಣಿಸಿ ಅದರಲ್ಲಿ ಶೇ. 14 ತೆಗೆದರೆ 1,88,160 ರೂಪಾಯಿ. ಸಾಯುವವರೆಗೂ ನಾನು ದುಡಿಯಲಾರದ್ದಕ್ಕೆ ಕಟ್ಟಿದ ಬೆಲೆ ಅದು. ಔಷಧಿ ಖರ್ಚು, ನೋವು, ಮೂರು ತಿಂಗಳ ಸಂಬಳ, ಮುಂದೆ ರಾಡು ತೆಗೆಸುವ ಖರ್ಚು ಎಲ್ಲ ಸೇರಿ 4,43,560. ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ ಶೇ. 6 ಬಡ್ಡಿ. ನಾವು ತಂದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಮೂವತ್ತಾರು ಕಟ್ಟುತ್ತಿದ್ದೆವು.

ತೀರ್ಪಿನ ನಕಲು ಹಿಡಿದುಕೊಂಡು ಮನೆಗೆ ಬಂದು ಅದೊಂದೇ ಸಾಲನ್ನು ಮತ್ತೆಮತ್ತೆ ಓದಿದೆ. ದೇಹದ ಶೇ. 14 ಹೋಗಿದೆ ಎಂದರೆ ಶೇ. 86 ಉಳಿದಿದೆ ಎಂದಾಯಿತು. ಹಾಗಾದರೆ ನಾನು ನೂರಕ್ಕೆ ಎಂಬತ್ತಾರು ದಿನ ಕೆಲಸ ಮಾಡಬೇಕಲ್ಲ? ಅಪಘಾತದ ನಂತರದ ಮೂರು ವರ್ಷದಲ್ಲಿ ಒಬ್ಬ ಕಾಂಟ್ರಾಕ್ಟರೂ ನನ್ನನ್ನು ಮುಖ್ಯ ಅಡಿಗೆಗೆ ಕರೆದಿರಲಿಲ್ಲ. ತರಕಾರಿ ಹೆಚ್ಚಲು ಕರೆಯುತ್ತಿದ್ದರು, ದಿನಕ್ಕೆ ಐನೂರು.

ವಕೀಲರಿಗೆ ಇದನ್ನೇ ಹೇಳಿದೆ. ಅವರು, "ಭಟ್ರೆ, ನೀವು ಹೇಳ್ತಿರೋದನ್ನೇ ಸುಪ್ರೀಂ ಕೋರ್ಟೂ ಹೇಳಿದೆ" ಅಂದು 2010ರ ರಾಜ್‌ಕುಮಾರ್ ಕೇಸಿನ ತೀರ್ಪು ತೆಗೆದು ಓದಿ ಕನ್ನಡದಲ್ಲಿ ವಿವರಿಸಿದರು. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ವಕೀಲರೂ ನ್ಯಾಯಾಧೀಶರೂ ಆಗಿದ್ದ ಆರ್.ವಿ. ರವೀಂದ್ರನ್. ಡಾಕ್ಟರು ಹೇಳುವುದು ದೇಹದ ಊನ, ದುಡಿಮೆಯ ನಷ್ಟವನ್ನು ತೀರ್ಮಾನಿಸಬೇಕಾದದ್ದು ಕೋರ್ಟು, ಅದೂ ಆ ಮನುಷ್ಯ ಮಾಡುತ್ತಿದ್ದ ಕೆಲಸ ನೋಡಿ. ಎಡಗೈ ಹೋದ ಗುಮಾಸ್ತನ ಕೆಲಸ ಉಳಿಯಬಹುದು, ಅದೇ ಕೈ ಹೋದ ಬಡಗಿಗೋ ಡ್ರೈವರಿಗೋ ಎಲ್ಲವೂ ಹೋದಂತೆ ಎಂಬುದು ಅದರ ತಾತ್ಪರ್ಯ. ಇನ್ನೊಂದು ನಮ್ಮ ರಾಜ್ಯದ್ದೇ ಕೇಸು. 2008ರಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬರದು. ದಾಖಲೆ ಇಲ್ಲದಿದ್ದರೂ ತಿಂಗಳಿಗೆ 6,500 ಸಂಪಾದನೆ ಒಪ್ಪಿ, ದುಡಿಮೆಯ ನಷ್ಟ ಶೇ. 85 ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅವರ ಗಾಯ ನನ್ನದಕ್ಕಿಂತ ಬಹಳ ದೊಡ್ಡದು, ನಾನು ಹೋಲಿಸಿಕೊಳ್ಳುವುದಿಲ್ಲ. ಆದರೆ ರಸೀದಿ ಇಲ್ಲದೆ ದುಡಿಯುವವನ ಮಾತಿಗೂ ಬೆಲೆಯಿದೆ ಎಂದು ಅಷ್ಟು ದೊಡ್ಡ ಕೋರ್ಟು ಹೇಳಿದೆಯಲ್ಲ ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ತೊಂಬತ್ತು ದಿನ ಮುಗಿಯುವುದರೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಿದೆವು. ನಾಲ್ಕು ತಿಂಗಳಿಗೆ ಕೊರೋನಾ ಬಂತು. ಛತ್ರಗಳೂ ಮುಚ್ಚಿದವು, ಕೋರ್ಟುಗಳೂ ಮುಚ್ಚಿದವು. ಆ ಎರಡು ವರ್ಷ ಇವಳು ಹಪ್ಪಳ, ಸಾರಿನ ಪುಡಿ ಮಾಡಿ ಮಾರಿ ಮನೆ ನಡೆಸಿದಳು. ನಾನು ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿದೆ.

2022ರ ಸೆಪ್ಟೆಂಬರಿನಲ್ಲಿ ಆದೇಶವಾಯಿತು. ಸಂಪಾದನೆಗೆ ಪುರಾವೆಯಿಲ್ಲದ 2016ರ ಅಪಘಾತಗಳಿಗೆ ಲೋಕ ಅದಾಲತ್ತಿನ ಪಟ್ಟಿಯಲ್ಲಿ ತಿಂಗಳಿಗೆ 9,500 ಅಂತ ಇದೆ, ಅದನ್ನೇ ಹಿಡಿದರು. ಅಡಿಗೆಯವನ ಕೆಲಸ ನಿಂತು ಮಾಡುವಂಥದ್ದು, ಭಾರ ಎತ್ತುವಂಥದ್ದು ಎಂದು ಗಮನಿಸಿ ದುಡಿಮೆಯ ನಷ್ಟವನ್ನು ಶೇ. 30 ಎಂದು ತೀರ್ಮಾನಿಸಿದರು. ಮೊದಲು 1,88,160 ಇದ್ದದ್ದು 4,78,800 ಆಯಿತು. ಬೇರೆಯದೂ ಸ್ವಲ್ಪ ಏರಿ ಒಟ್ಟು 7,72,700. ನಾನು ಕೇಳಿದಷ್ಟಲ್ಲ. ಆದರೆ ಆ ಆದೇಶದಲ್ಲಿ ನಿಂತು ಕೆಲಸ ಮಾಡುವವನು ಎಂಬ ಮಾತಿತ್ತು. ಆರು ವರ್ಷಕ್ಕೆ ಒಬ್ಬರು ಅದನ್ನು ಬರೆದರು. ಬಂದ ದುಡ್ಡಿನಲ್ಲಿ ತಂಗಿಯ ಬಳೆ ಬಿಡಿಸಿಕೊಟ್ಟೆವು, ಸಾಲ ತೀರಿತು, ವಕೀಲರ ಫೀಸು ಕೊಟ್ಟೆವು. ಉಳಿದದ್ದು ಕೋರ್ಟು ಹೇಳಿದಂತೆ ಬ್ಯಾಂಕಿನಲ್ಲಿ ಠೇವಣಿ. ರಾಡು ಇನ್ನೂ ಕಾಲಿನಲ್ಲೇ ಇದೆ.

ಈಚಿನ ವರ್ಷಗಳಲ್ಲಿ ಮತ್ತೆ ಒಲೆಯ ಹತ್ತಿರ ಹೋಗಿದ್ದೇನೆ. ಬಡಗಿಯಿಂದ ಎತ್ತರದ ಒಂದು ಸ್ಟೂಲು ಮಾಡಿಸಿಕೊಂಡು, ಅದರ ಮೇಲೆ ಕೂತು ಸಾರಿನ, ಗೊಜ್ಜಿನ ಹದ ನೋಡುತ್ತೇನೆ, ಹುಡುಗರಿಗೆ ಹೇಳಿ ಮಾಡಿಸುತ್ತೇನೆ. ಕೂಲಿ ಮೊದಲಿನ ಅರ್ಧ.

2023ರ ಮಳೆಗಾಲದಲ್ಲಿ ನಮ್ಮ ಜೊತೆ ಬಡಿಸಲು ಬರುವ ಹುಡುಗನಿಗೆ ಗಾಂಧಿಬಜಾರಿನ ಹತ್ತಿರ ಕಾರು ಹೊಡೆಯಿತು. ಫೋನು ಬಂದ ತಕ್ಷಣ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಅವನ ಅಪ್ಪ ಒಂದು ಮೂಲೆಯಲ್ಲಿ ಏನೂ ತೋಚದೆ ನಿಂತಿದ್ದರು. "ಭಟ್ರೆ, ಏನ್ ಮಾಡ್ಬೇಕು ಈಗ?" ಅಂದರು. ಚೀಟಿಯೆಲ್ಲ ಇವತ್ತೇ ಜೆರಾಕ್ಸ್ ಮಾಡಿಸಿ, ಠಾಣೆಗೆ ಈಗಲೇ ಹೋಗಿ ಅಂದೆ. ನನ್ನ ಕೇಸಿನ ಕಾಲಕ್ಕೆ ಅರ್ಜಿಗೆ ಕಾಲಮಿತಿ ಇರಲಿಲ್ಲ, 2022ರ ಏಪ್ರಿಲ್‌ನಿಂದ ಆರು ತಿಂಗಳೊಳಗೆ ಹಾಕಬೇಕು ಅಂತ ಆಗಿತ್ತು, ಅದನ್ನೂ ಹೇಳಿದೆ. ಆಮೇಲೆ ಒಳಗೆ ಹೋಗಿ ಡ್ಯೂಟಿ ಡಾಕ್ಟರ ಮೇಜಿನ ಹತ್ತಿರ ನಿಂತೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ರಾತ್ರಿಯಿಂದ ನಿದ್ದೆಯಿಲ್ಲದ ಮುಖ.

"ಅಮ್ಮಾ, ಕಾರು ಹಿಂದಿನಿಂದ ಹೊಡೆದದ್ದು. ಕಾರಿನ ನಂಬರ್ ಇದು. ಕೇಸ್ ಷೀಟಿನಲ್ಲಿ ಹಾಗೇ ಬರೆಯಿರಿ" ಅಂದೆ.

ಅವರು ಬರೆದರು.

"ಬರೆದದ್ದನ್ನು ಒಂದು ಸಲ ಓದಿ ಹೇಳ್ತೀರಾ?"

ತಲೆಯೆತ್ತಿ ನನ್ನ ಕೋಲು ನೋಡಿದರು. ಆಮೇಲೆ ಆ ಸಾಲನ್ನು ನಿಧಾನವಾಗಿ, ನಂಬರಿನ ಒಂದೊಂದು ಅಂಕಿಯನ್ನೂ ಬಿಡಿಸಿ, ಓದಿದರು.